ಸೇದುವ ಬಾವಿ

ಊರಿಗೆ ಊರೇ ಒಂದು ಮನೆಯಂತಿತ್ತು ಎನ್ನುವ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳಿಗೆ ಹೇಳಿದ್ದೇನೆ, ನೆರೆಹೊರೆಯವರಿಗೆ ಹೇಳಿದ್ದೇನೆ, ಒಂದೆರಡು ಸಲ ಮಹಿಳಾ ಸಮಾಜದ ವೇದಿಕೆಯ ಮೇಲೂ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಒಂದು ಮನೆಯ ಒಲೆಯ ಕೆಂಡ ಇನ್ನೊಂದು ಮನೆಯ ಒಲೆ ಹೊತ್ತಿಸುತ್ತಿತ್ತು. ಒಬ್ಬಳ ಹೆರಿಗೆಗೆ ಹತ್ತು ಮನೆಯ ಹೆಂಗಸರು ನಿದ್ದೆಗೆಡುತ್ತಿದ್ದರು. ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ನೂರು ಅಡಿಗೂ ಎತ್ತರದ ತೇರು ಕಟ್ಟಿ ಎಳೆದೊಯ್ಯುವುದೆಂದರೆ ಒಗ್ಗಟ್ಟಿಲ್ಲದ ಊರುಗಳಿಂದ ಆಗುವ ಕೆಲಸವೇ? ಇದೆಲ್ಲ ನಿಜವೇ. ನಾನು ಸುಳ್ಳು ಹೇಳಿರಲಿಲ್ಲ.

ನಮ್ಮೂರು ಆನೇಕಲ್ ತಾಲ್ಲೂಕಿನದು, ಹೊಸೂರು ರಸ್ತೆಯಿಂದ ಎರಡು ಮೈಲಿ ಒಳಗೆ. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ, 1978ರಲ್ಲಿ, ಆರ್.ಕೆ. ಬಾಳಿಗಾ ಅವರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ನಗರ ಮಾಡುತ್ತಾರಂತೆ ಎಂದು ಸುದ್ದಿಯಾಯಿತು. ರೇಡಿಯೊ ರಿಪೇರಿ ಅಂಗಡಿಗಳ ಸಾಲು ಇರಬಹುದೆಂದು ನಮ್ಮಪ್ಪ ಅಂದುಕೊಂಡಿದ್ದರು. 1994ರಲ್ಲಿ ಇನ್ಫೋಸಿಸ್ ಅಲ್ಲಿಗೆ ಬಂತು, 2010ರಲ್ಲಿ ಮೇಲ್ಸೇತುವೆ ಬಂತು. ಅಷ್ಟರಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ನಮ್ಮ ಹೊಲಗಳೆಲ್ಲ ಕೈಬಿಟ್ಟಿದ್ದವು.

2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಒಂದು ದಿನ ಆರ್.ವಿ. ರಸ್ತೆಯಲ್ಲಿ ಹತ್ತಿ ಹೆಬ್ಬಗೋಡಿಯಲ್ಲಿ ಇಳಿದೆ. ಹಿಂದೆ ಬೆಂಗಳೂರಿನಿಂದ ಬಸ್ಸು ಹಿಡಿದು, ಆಮೇಲೆ ಧೂಳಿನಲ್ಲಿ ನಡೆದು ತವರು ಸೇರುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಈಗ ಕುರ್ಚಿ ಬಿಸಿಯಾಗುವ ಮೊದಲೇ ಇಳಿಯಬೇಕು.

ನಮ್ಮ ತೊಟ್ಟಿಮನೆ ಇದ್ದ ಜಾಗದಲ್ಲಿ ಐದು ಅಂತಸ್ತಿನ ಪಿ.ಜಿ. ನಿಂತಿದೆ. ಜಗಲಿ ಇದ್ದಲ್ಲಿ ಮೋಟರ್‌ಬೈಕುಗಳ ಸಾಲು. ಎದುರಿನ ಸೇದುವ ಬಾವಿಗೆ ಕಾಂಕ್ರೀಟಿನ ಮುಚ್ಚಳ ಹಾಕಿದ್ದಾರೆ. ಸಾವಿರ ಅಡಿ ಕೊಳವೆಬಾವಿ ಕೊರೆಯುವ ಊರಿನಲ್ಲಿ ನಲವತ್ತು ಅಡಿಯ ಬಾವಿಯಲ್ಲಿ ನೀರೆಲ್ಲಿಂದ ಬರಬೇಕು? ಪಕ್ಕದಲ್ಲೇ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ನಾನು ಬಾವಿಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತೆ. ಕಣ್ಣು ತುಂಬಿ ಬಂತು. ಎಂಥ ಸಿಹಿನೀರು ಅದು! ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು.

“ಯಾರು? ದೊಡ್ಡಮನೆ ಅಕ್ಕಾನಾ?” ಎಂದು ಯಾರೋ ಕೇಳಿದರು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ, ನನ್ನದೇ ವಯಸ್ಸಿನ ಹೆಂಗಸು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಕೇರಿಯವಳು. ನಮ್ಮ ಹೊಲದಲ್ಲಿ ಕಳೆ ಕೀಳಲು ಬರುತ್ತಿದ್ದಾಕೆಯ ಮಗಳು. ಆಗೆಲ್ಲ ನನ್ನನ್ನು ‘ಅಮ್ಮಣ್ಣಿ’ ಎನ್ನುತ್ತಿದ್ದಳು. ಈಗ ಅಕ್ಕ. ಕಿವಿಗೆ ಒಂದು ಗಳಿಗೆ ಹೊಸದೆನಿಸಿತು, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಎಂಟು ವರ್ಷದ ನಾನು ಆಕೆಯ ತಾಯಿಯನ್ನು ಹೋಗೇ ಬಾರೇ ಎನ್ನುತ್ತಿದ್ದವಳಲ್ಲವೇ?

ಮನೆಗೆ ಕರೆದಳು, ಹೋದೆ. ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಹದಿನೆಂಟು ವರ್ಷ ದುಡಿದಳಂತೆ. ಮೂರು ಶೀಟಿನ ಕೋಣೆ ಕಟ್ಟಿಸಿ ಒಡಿಶಾದ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಾಳೆ. ನಾನು ನನ್ನ ಎಂದಿನ ರಾಗ ತೆಗೆದೆ. “ಆ ಬಾವಿ ನೋಡಿ ಹೊಟ್ಟೆ ಉರಿದುಹೋಯ್ತು ಕಣೆ. ಎಂಥ ನೀರು! ನಾನೇ ನಿನಗೆ ಸೇದಿ ಹೊಯ್ಯುತ್ತಿದ್ದೆ, ನೆನಪಿದೆಯಾ?”

ಇದು ನನಗೆ ಬಹಳ ಇಷ್ಟವಾದ ನೆನಪು. ಬೇಸಿಗೆಯಲ್ಲಿ ಕೇರಿಯ ಬಾವಿ ಬತ್ತಿದರೆ ಅವರು ನಮ್ಮ ಬಾವಿಗೆ ಬರುತ್ತಿದ್ದರು. ಕಟ್ಟೆ ಹತ್ತುವ ಹಾಗಿರಲಿಲ್ಲ. ಬಿಂದಿಗೆ ಇಟ್ಟು ದೂರ ನಿಲ್ಲಬೇಕು. ನಮ್ಮಲ್ಲಿ ಯಾರಾದರೂ ಸೇದಿ, ತಾಗದ ಹಾಗೆ ಎತ್ತರದಿಂದ ಹೊಯ್ಯಬೇಕು. ಅಮ್ಮ ಆ ಕೆಲಸವನ್ನು ನನಗೆ ವಹಿಸಿದ್ದಳು. ನಾನೊಬ್ಬಳು ಕರುಣಾಮಯಿ ಎಂದು ಅಂದಿನಿಂದ ಇಂದಿನವರೆಗೆ ಒಳಗೊಳಗೇ ನಂಬಿಕೊಂಡಿದ್ದೆ.

“ಅಯ್ಯೋ, ನೆನಪಿಲ್ದೆ ಏನು?” ಎಂದು ಆಕೆ ನಕ್ಕಳು. “ಒಂದಿನ ಅವ್ವಂಗೆ ಜ್ವರ, ನನ್ನ ಕಳಿಸಿದ್ಲು. ನೀವು ಅಲ್ಲೇ ಕುಂಟೆಬಿಲ್ಲೆ ಆಡ್ತಿದ್ರಿ. ಈಗ ಬರ್ತೀರಿ, ಆಗ ಬರ್ತೀರಿ ಅಂತ ನಿಂತಿದ್ದೆ. ಕೂಗಿದ್ರೆ ನಿಮ್ಮಮ್ಮ ಬೈತಾರೇನೋ ಅಂತ ಕೂಗ್ಲಿಲ್ಲ. ದೀಪ ಹಚ್ಚೋ ಹೊತ್ತಿಗೆ ಬರೀ ಬಿಂದಿಗೆ ಎತ್ಕೊಂಡು ಹೋದೆ.”

ಅದರಲ್ಲಿ ದೂರಿನ ಧ್ವನಿಯೂ ಇರಲಿಲ್ಲ. ಆದರೆ ನನಗೆ ಆ ದಿನ ನೆನಪೇ ಇಲ್ಲ. ಆಮೇಲೂ ಎಷ್ಟು ಹುಡುಕಿದರೂ ಸಿಗಲಿಲ್ಲ. ಕುಂಟೆಬಿಲ್ಲೆಯ ಮನೆಗಳು, ಬಿಲ್ಲೆಯ ಬಣ್ಣ ಕೂಡ ನೆನಪಿದೆ, ಅಲ್ಲಿ ನಿಂತಿದ್ದ ಹುಡುಗಿ ಇಲ್ಲ.

ನೋಡಿ, ಒಂಬತ್ತು ವರ್ಷದ ಕೂಸು ಆಟದಲ್ಲಿ ಮೈಮರೆತದ್ದು ಅಪರಾಧವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳಿಕೊಂಡೆ. ಆದರೆ ಆಕೆಗೂ ಒಂಬತ್ತೇ ವರ್ಷ. ಆಕೆಗೆ ಮರೆಯುವ ಸವಲತ್ತು ಇರಲಿಲ್ಲ. ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ ಅಂಬೇಡ್ಕರ್ ಅವರು ಮಹಾಡದಲ್ಲಿ ಸತ್ಯಾಗ್ರಹ ಮಾಡಿದ್ದು 1927ರಲ್ಲಿ. ಅಸ್ಪೃಶ್ಯತೆಯನ್ನು ಅಪರಾಧವೆಂದು ಕಾಯ್ದೆ ಬಂದದ್ದು 1955ರಲ್ಲಿ. ನಾನು ಹೇಳುತ್ತಿರುವುದು 1970ರ ಆಸುಪಾಸಿನ ಮಾತು. ಕೇರಿಯ ಬಾಣಂತಿಗೂ ಕಷಾಯ ಕುದಿಸಿ ಕಳಿಸುತ್ತಿದ್ದ, ಯಾರಿಗೂ ಗಟ್ಟಿಯಾಗಿ ಬೈಯದ ನನ್ನ ಅಮ್ಮನೇ ನೀರನ್ನು ಎತ್ತರದಿಂದ ಹೊಯ್ಯುವುದನ್ನು ಕಲಿಸಿದಳು. ಈ ಇಬ್ಬರು ಅಮ್ಮಂದಿರಲ್ಲಿ ಯಾರನ್ನು ಬಿಡಲಿ?

ತವರಿನ ನೆನಪಿನ ವಿಷಯದಲ್ಲಿ ನಾವು ಹೆಂಗಸರು ಸ್ವಲ್ಪ ಮೊಂಡರು. ಅದಕ್ಕೆ ಕಾರಣವಿದೆ. 1994ರಲ್ಲಿ ನಮ್ಮ ರಾಜ್ಯದ ಕಾನೂನು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾಗಿದ್ದ ನನ್ನಂಥವರಿಗೆ ಮಾತ್ರ ಅದು ದಕ್ಕಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಬರುವಷ್ಟರಲ್ಲಿ ಹೊಲ ಮಾರಿ ಆಗಿತ್ತು. ನೆಲ ಅಣ್ಣತಮ್ಮಂದಿರದಾಯಿತು, ನಮ್ಮ ಪಾಲಿಗೆ ಬಂದದ್ದು ನೆನಪು. ಅದನ್ನು ಕಾಂಜೀವರಂ ಸೀರೆಯ ಹಾಗೆ ಮಡಿಸಿಟ್ಟುಕೊಂಡಿರುತ್ತೇವೆ. ಅದರ ಮೇಲೂ ಇನ್ನೊಬ್ಬರು ಪಾಲು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅವತ್ತು ನನಗೆ ಆದದ್ದು ಅದೇ. ಆಕೆಯ ಪಾಲು ಕೊಟ್ಟರೆ ನನ್ನ ಬಾವಿಯ ನೀರು ಸಿಹಿಯಾಗಿ ಉಳಿಯುತ್ತದೆಯೇ? ನನ್ನ ನಾಲಗೆಗೆ ಅದು ಇಂದಿಗೂ ಸಿಹಿಯೇ.

“ತಪ್ಪಾಯ್ತು ಕಣಮ್ಮ” ಎಂದೆ. ಏಕವಚನ ಆ ಕ್ಷಣಕ್ಕೆ ಬಾಯಿಗೆ ಬರಲಿಲ್ಲ, ಬಹುವಚನ ನಾಟಕವೆನಿಸಿತು. ಆಕೆ ಕೈಯಾಡಿಸಿ, “ಬಿಡಿ ಅಕ್ಕ, ಅದನ್ನ ಈಗ ಯಾಕೆ ಎತ್ತೋದು” ಎಂದಳು. ಆಕೆಗೆ ನನ್ನ ಕ್ಷಮಾಪಣೆ ಬೇಕಾಗಿರಲಿಲ್ಲ. ಬೇಕಾಗಿದ್ದುದು ನನಗೆ. ಮತ್ತೊಂದು ಸಲ ನಾನು ಆಕೆಯ ಬಳಿ ಏನನ್ನೋ ತೆಗೆದುಕೊಳ್ಳಲು ನಿಂತಂತಾಯಿತು.

ಊರು ಹೋಯಿತೆಂದು ಬೇಸರವಿಲ್ಲವೇ ಎಂದು ಕೇಳಿದೆ. ಯೋಚಿಸಿ ಹೇಳಿದಳು: “ಫ್ಯಾಕ್ಟ್ರಿ ಸೇರಿದ ಮೊದಲನೇ ದಿನ ಎಲ್ರ ಜೊತೆ ನಲ್ಲಿ ತಿರುಗಿಸಿ ನೀರು ಕುಡಿದೆ. ಹೊಟ್ಟೆ ತುಂಬಿದ್ರೂ ಕುಡೀತಾನೇ ಇದ್ದೆ. ಆಮೇಲೆ ಗೊತ್ತಾಯ್ತು, ನೀರು ಕುಡಿಯೋಕೆ ಎದ್ರೂ ಅಲ್ಲಿ ನಿಮಿಷ ಲೆಕ್ಕ ಹಾಕ್ತಾರೆ ಅಂತ.” ಮತ್ತೆ ನಕ್ಕಳು.

ಹೊರಡುವ ಮುನ್ನ ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು. ಕುಡಿದೆ. ಸಪ್ಪೆ ನೀರು, ಯಾವ ನೆಲದ್ದೂ ಅಲ್ಲದ ಹಾಗೆ.

“ರುಚಿ ಇಲ್ಲ, ಅಲ್ವಾ ಅಕ್ಕ?” ಎಂದಳು.

ಇಲ್ಲವೆಂದೆ. ಇನ್ನೊಂದು ಲೋಟ ಕೇಳಿದೆ.