ಮುಳ್ಳಿನ ಪೊದೆಗೆ ಪಟ್ಟ ಕಟ್ಟಿದವರು ಯಾರು?



ಪವಿತ್ರ ಗ್ರಂಥದಲ್ಲಿ ನಾಯಕನ ಆಯ್ಕೆಯ ಬಗ್ಗೆ ಒಂದು ಸಾಮತಿ ಇದೆ. ನ್ಯಾಯಸ್ಥಾಪಕರ ಗ್ರಂಥದ 9ನೇ ಅಧ್ಯಾಯವನ್ನು ಇಂದು ಸಂಜೆ ಜಪಸರದ ನಂತರ ಮನೆಮಂದಿಯೆಲ್ಲ ಕುಳಿತು ಓದಿರಿ. ಮರಗಳೆಲ್ಲ ಸೇರಿ ತಮಗೊಬ್ಬ ಅರಸ ಬೇಕೆಂದು ಹೊರಟವಂತೆ. ಓಲಿವ್ ಮರವನ್ನು ಕೇಳಿದವು. ಎಣ್ಣೆ ಕೊಡುವ ಕೆಲಸ ಬಿಟ್ಟು ಬರಲಾರೆನೆಂದಿತು. ಅಂಜೂರದ ಮರಕ್ಕೆ ತನ್ನ ಸಿಹಿ ಹಣ್ಣಿನ ಚಿಂತೆ, ದ್ರಾಕ್ಷಿ ಬಳ್ಳಿಗೆ ತನ್ನ ರಸದ ಚಿಂತೆ. ಕೊನೆಗೆ ಮುಳ್ಳಿನ ಪೊದೆಯನ್ನು ಕೇಳಿದಾಗ ಅದು ಕೂಡಲೇ ಒಪ್ಪಿತು. ತನ್ನ ನೆರಳಿಗೆ ಬರದಿದ್ದರೆ ಬೆಂಕಿ ಹೊರಟು ದೇವದಾರು ಮರಗಳನ್ನೂ ಸುಟ್ಟೀತೆಂದು ಬೆದರಿಕೆಯನ್ನೂ ಹಾಕಿತು.

ಈ ಸಾಮತಿಯನ್ನು ಹೇಳಿದವನು ಗಿದ್ಯೋನನ ಕಿರಿಯ ಮಗ ಯೋತಾಮ. ಅವನ ಅಣ್ಣ ಅಬೀಮೆಲೆಕನು ಶೆಕೆಮಿನ ಜನರ ಬಳಿ ಹೋಗಿ, ತಾನು ಅವರ ರಕ್ತಸಂಬಂಧಿ ಎಂದು ನೆನಪಿಸಿದ. ಜನ 'ಇವನು ನಮ್ಮವನು' ಎಂದು ಮರುಳಾದರು. ದೇವಾಲಯದ ಖಜಾನೆಯಿಂದ 70 ಬೆಳ್ಳಿ ನಾಣ್ಯಗಳನ್ನು ಕೊಟ್ಟರು. ಆ ಹಣದಿಂದ ಅವನು ಪುಂಡರನ್ನು ಕೂಲಿಗೆ ಹಿಡಿದು ಸ್ವಂತ ಸಹೋದರರನ್ನೇ ಕೊಂದು ಅರಸನಾದ. ಮೂರು ವರ್ಷ ಕಳೆದ ಮೇಲೆ ಅದೇ ಶೆಕೆಮನ್ನು ನೆಲಸಮ ಮಾಡಿ, ಆ ನೆಲಕ್ಕೆ ಉಪ್ಪು ಎರಚಿದ.

ಪ್ರಿಯರೇ, ಮುಳ್ಳಿನ ಪೊದೆಗೆ ಪಟ್ಟ ಕಟ್ಟಿದವರು ಯಾರು? ತಾನಾಗಿ ಅದು ಸಿಂಹಾಸನ ಏರಲಿಲ್ಲ. ಮೂರು ಕೈಗಳು ಸೇರಿ ಅದನ್ನು ಏರಿಸಿದವು: ಒಳ್ಳೆಯವರ ಉದಾಸೀನ, ಹಣ, ಮತ್ತು 'ನಮ್ಮವನು' ಎಂಬ ಕುರುಡು ಮಮಕಾರ. ಈ ಮೂರು ಕೈಗಳೂ ನಮ್ಮ ನಡುವೆ ಇವೆ.

ಮೊದಲನೆಯದು ಉದಾಸೀನ. ಓಲಿವ್ ಮರ ದುಷ್ಟ ಮರವಲ್ಲ. ಅಂಜೂರವಾಗಲಿ ದ್ರಾಕ್ಷಿಯಾಗಲಿ ಯಾರಿಗೂ ಕೇಡು ಬಗೆದವಲ್ಲ. ಆದರೆ ತಮ್ಮ ಎಣ್ಣೆ, ತಮ್ಮ ಹಣ್ಣು, ತಮ್ಮ ರಸವೇ ಅವುಗಳಿಗೆ ದೊಡ್ಡದಾಯಿತು. ನಮ್ಮಲ್ಲಿ ಭಾನುವಾರದ ಬಲಿಪೂಜೆ ತಪ್ಪಿಸದ, ಯಾರ ಸಾಲವನ್ನೂ ಉಳಿಸಿಕೊಳ್ಳದ ಸಜ್ಜನರಿದ್ದಾರೆ. ಗ್ರಾಮ ಪಂಚಾಯತಿಗೆ ನಿಲ್ಲಿ ಎಂದರೆ 'ಆ ಕೊಳಕು ನಮಗೇಕೆ' ಎನ್ನುತ್ತಾರೆ. ಮತದಾನಕ್ಕಾಗಿ ಕಾನೂನು ಕೊಡಿಸಿದ ಸಂಬಳಸಹಿತ ರಜೆಯನ್ನು ಪ್ರವಾಸಕ್ಕೆ ಬಳಸುತ್ತಾರೆ. 'ನನ್ನೊಂದು ಓಟಿನಿಂದ ಏನಾದೀತು?' ಎಂದು ಕೇಳುತ್ತಾರೆ. 2004ರಲ್ಲಿ ನಮ್ಮ ರಾಜ್ಯದ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಗೆದ್ದವರಿಗೆ 40,752, ಸೋತವರಿಗೆ 40,751 ಮತಗಳು ಬಂದವು. ಅಂತರ ಒಂದೇ ಮತ! ಅಂದು ಮನೆಯಲ್ಲೇ ಉಳಿದ ಪ್ರತಿಯೊಬ್ಬರಿಗೂ ಅವರ ಪ್ರಶ್ನೆಯ ಉತ್ತರ ಸಿಕ್ಕಿರಬೇಕು.

ಮತದಾನವು ಬರಿಯ ಹಕ್ಕಲ್ಲ, ಕರ್ತವ್ಯ ಎಂಬುದು ಧರ್ಮಸಭೆಯ ಬೋಧನೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಸರ್ವರ ಹಿತಕ್ಕಾಗಿ ಮತವನ್ನು ಸ್ವತಂತ್ರವಾಗಿ ಬಳಸುವ ಹೊಣೆಯನ್ನು ಎಲ್ಲ ಪ್ರಜೆಗಳಿಗೂ ನೆನಪಿಸಿತು. ಧರ್ಮಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥದ 2240ನೇ ಪರಿಚ್ಛೇದವು ತೆರಿಗೆ ಕೊಡುವುದು, ದೇಶವನ್ನು ರಕ್ಷಿಸುವುದು ಇವುಗಳ ಜೊತೆಯಲ್ಲೇ ಮತ ಚಲಾಯಿಸುವುದನ್ನೂ ನೈತಿಕ ಬಾಧ್ಯತೆಯೆಂದು ಎಣಿಸುತ್ತದೆ. ಯಾವ ಅಭ್ಯರ್ಥಿಯೂ ಯೋಗ್ಯನಲ್ಲವೆಂದು ಮನಸ್ಸಾಕ್ಷಿ ಹೇಳಿದರೆ, ಅದನ್ನು ತಿಳಿಸಲು 2013ರಿಂದ ಮತಯಂತ್ರದಲ್ಲೇ 'ನೋಟಾ' ಗುಂಡಿ ಇದೆ. ಆದರೆ ನೋಟಾಕ್ಕೆ ಎಷ್ಟೇ ಮತ ಬಿದ್ದರೂ, ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ ಎಂಬುದನ್ನು ಮರೆಯಬಾರದು.

ಎರಡನೆಯದು ಹಣ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲು ತಟ್ಟುವ ಕವರು, ಸೀರೆ, ಕುಕ್ಕರು, ಬಾಡೂಟ, ಬಾಟಲಿ ಯಾರಿಗೂ ಹೊಸದಲ್ಲ. 'ಎಲ್ಲರೂ ತೆಗೆದುಕೊಳ್ಳುತ್ತಾರೆ, ನಾವು ತೆಗೆದುಕೊಂಡರೆ ತಪ್ಪೇನು? ಓಟು ನಮಗಿಷ್ಟ ಬಂದವರಿಗೆ ಹಾಕಿದರಾಯಿತು' ಎಂದು ಹಲವರು ವಾದಿಸುತ್ತಾರೆ. ಈ ವಾದದಲ್ಲಿ ಎರಡು ಪಾಪಗಳಿವೆ. ಲಂಚ ಪಡೆದದ್ದು ಒಂದು, ಕೊಟ್ಟವನಿಗೆ ಸುಳ್ಳು ಭರವಸೆ ನೀಡಿದ್ದು ಇನ್ನೊಂದು. ಲಂಚವು ಕಣ್ಣಿದ್ದವರನ್ನೂ ಕುರುಡರನ್ನಾಗಿಸುತ್ತದೆಂದು ವಿಮೋಚನಾಕಾಂಡ ಎಚ್ಚರಿಸುತ್ತದೆ. ದೇಶದ ಕಾನೂನಿನ ಮುಂದೆಯೂ ಕೊಟ್ಟವನಷ್ಟೇ ಪಡೆದವನೂ ಅಪರಾಧಿ. ಹಿಂದಿನ ದಂಡ ಸಂಹಿತೆಯಲ್ಲಿ ಇದ್ದ ಈ ನಿಯಮ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ.

ಕೊಟ್ಟವನು ಆ ಹಣವನ್ನು ಎಲ್ಲಿಂದ ತುಂಬಿಕೊಳ್ಳುತ್ತಾನೆ ಯೋಚಿಸಿ. ನಿಮ್ಮೂರ ರಸ್ತೆಯ ಡಾಂಬರಿನಿಂದ, ಸರಕಾರಿ ಆಸ್ಪತ್ರೆಯ ಔಷಧಿಯಿಂದ, ಶಾಲೆಯ ಛಾವಣಿಯಿಂದ. ಕಳೆದುಕೊಳ್ಳುವವರು ಬಡವರು, ಖಾಸಗಿ ಆಸ್ಪತ್ರೆಗೆ ಹೋಗಲಾರದ ನಿಮ್ಮ ನೆರೆಯವರು. ಬಡತನದ ಬೇಗೆಯಲ್ಲಿ ಕೈಯೊಡ್ಡಿದವರನ್ನು ಹೀಯಾಳಿಸುವುದು ನಮ್ಮ ಕೆಲಸವಲ್ಲ. ಆದರೆ ಅವರಿಗೆ ಈ ಮಾತನ್ನು ಹೇಳಲೇಬೇಕು: ದೇವರ ಪಟದ ಮುಂದೆ ಆಣೆ ಮಾಡಿಸಿಕೊಂಡು ಹಣ ಕೊಟ್ಟಿದ್ದರೂ, ಕೆಟ್ಟ ಕೆಲಸಕ್ಕಾಗಿ ಮಾಡಿದ ಆಣೆ ಯಾರನ್ನೂ ಕಟ್ಟಿಹಾಕದು. ಅಂಥ ಆಣೆಯೇ ದೇವರ ನಾಮಕ್ಕೆ ಮಾಡಿದ ಅಪಚಾರ. ಪಶ್ಚಾತ್ತಾಪಪಡಿ, ಪಾಪನಿವೇದನೆ ಮಾಡಿ, ನಿರ್ಭಯವಾಗಿ ಮನಸ್ಸಾಕ್ಷಿಯಂತೆ ಮತ ಹಾಕಿ. ಮತವು ಗುಪ್ತ, ನೀವು ಯಾವ ಗುಂಡಿ ಒತ್ತಿದಿರೆಂದು ಬಲ್ಲವರು ನೀವು ಮತ್ತು ದೇವರು ಮಾತ್ರ.

ಮೂರನೆಯದು 'ನಮ್ಮವನು' ಎಂಬ ಮಮಕಾರ. ನಮ್ಮ ಜಾತಿಯವನು, ನಮ್ಮ ಭಾಷೆಯವನು, ನಮ್ಮ ಮತದವನು ಎಂಬ ಕಾರಣವೊಂದೇ ಸಾಕೆ? ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರು ಮೂಲದ ಯೇಸುಸಭೆಯ ಗುರು ಫಾದರ್ ಜೆರೋಮ್ ಡಿಸೋಜ ಸದಸ್ಯರಾಗಿದ್ದರು. ಬಂಗಾಳದ ಕ್ರೈಸ್ತ ವಿದ್ವಾಂಸ ಹರೇಂದ್ರ ಕುಮಾರ್ ಮುಖರ್ಜಿಯವರು ಆ ಸಭೆಯ ಉಪಾಧ್ಯಕ್ಷರು. 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂದು ಸಭೆ ತೀರ್ಮಾನಿಸಿದಾಗ ಕ್ರೈಸ್ತ ಮುಖಂಡರು ಅದನ್ನು ಒಪ್ಪಿಕೊಂಡರು. ನೆರೆಹೊರೆಯವರ ನ್ಯಾಯಬುದ್ಧಿಯ ಮೇಲೆ ಅವರಿಟ್ಟ ವಿಶ್ವಾಸ ಅದು. ಆ ವಿಶ್ವಾಸದ ವಾರಸುದಾರರಾದ ನಾವು ಮತಗಟ್ಟೆಯಲ್ಲಿ ನಮ್ಮ ಗುಂಪಿನ ಲಾಭವನ್ನಷ್ಟೇ ಎಣಿಸುವುದು ತರವೇ?

ಹಾಗಾದರೆ ಯಾರನ್ನು ಆರಿಸಬೇಕು? ಧರ್ಮಸಭೆ ನಿಮಗೆ ಯಾವ ಪಕ್ಷದ ಗುರುತನ್ನೂ ತೋರಿಸುವುದಿಲ್ಲ, ಅಳತೆಗೋಲನ್ನು ಕೊಡುತ್ತದೆ. ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿ ಮೋಶೆಯ ಮಾವ ಇತ್ರೋ ಆ ಅಳತೆಗೋಲನ್ನು ಅಳಿಯನ ಕೈಗಿಟ್ಟಿದ್ದಾನೆ: ಸಮರ್ಥರು, ದೇವರಿಗೆ ಭಯಪಡುವವರು, ನಂಬಿಕಸ್ಥರು, ಲಂಚವನ್ನು ದ್ವೇಷಿಸುವವರು. ಇದನ್ನು ಹಿಡಿದು ನೋಡಲು ಇಂದು ಸಾಧನಗಳೂ ಇವೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ಫಲವಾಗಿ ಲೋಕಸಭೆ, ವಿಧಾನಸಭೆಗಳ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಮೇಲಿನ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕು. ಚುನಾವಣಾ ಆಯೋಗ ಅದನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತದೆ. ಮಗಳಿಗೆ ವರ ನೋಡುವಾಗ ನಾಲ್ಕು ಊರು ವಿಚಾರಿಸುವ ನಾವು, ಐದು ವರ್ಷ ಆಳುವವನ ಬಗ್ಗೆ ಒಂದು ಹಾಳೆ ಓದಬಾರದೇ?

ತಂದೆತಾಯಂದಿರಿಗೆ ಒಂದು ಮಾತು. 1951-52ರ ಮೊದಲ ಮಹಾಚುನಾವಣೆಯ ವೇಳೆ, ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಇಂದು ಹೆಸರು ಪಟ್ಟಿಯಲ್ಲಿದೆ. ಆದರೆ ಅವರ ಓಟನ್ನು ಮನೆಯ ಯಜಮಾನನೇ ನಿರ್ಧರಿಸಿದರೆ ಸುಧಾರಣೆ ಏನಾಯಿತು? ಹದಿನೆಂಟು ತುಂಬಿದ ಮಕ್ಕಳ ಹೆಸರನ್ನು ನಮೂನೆ 6 ತುಂಬಿ ಸೇರಿಸಿರಿ. ನಡೆಯಲಾರದ ಅಜ್ಜ ಅಜ್ಜಿಗೆ 85 ದಾಟಿದ್ದರೆ ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಮನೆಯಿಂದಲೇ ಮತ ಹಾಕುವ ಅವಕಾಶವಿದೆ. ಸಮಯಕ್ಕೆ ಸರಿಯಾಗಿ ಅರ್ಜಿ ಕೊಡಿಸಿರಿ.

ಪ್ರಿಯರೇ, ಮುಂದಿನ ಚುನಾವಣೆ ಪಂಚಾಯತಿಯದಿರಲಿ, ಲೋಕಸಭೆಯದಿರಲಿ, ಮತಗಟ್ಟೆಗೆ ಹೊರಡುವ ಮುನ್ನ ಮನೆಯ ಪೀಠದ ಮುಂದೆ ಒಂದು ಕ್ಷಣ ಮೊಣಕಾಲೂರಿ. 'ಪ್ರಭುವೇ, ನನ್ನ ನೆರೆಯ ಬಡವನಿಗೆ ಹಿತವಾಗುವಂತೆ ಆರಿಸುವ ವಿವೇಕ ಕೊಡು' ಎಂದು ಬೇಡಿಕೊಳ್ಳಿ. ನಂತರ ಖಾಲಿ ಜೇಬಿನಲ್ಲಿ, ಶುದ್ಧ ಮನಸ್ಸಿನಲ್ಲಿ ಹೋಗಿ ಮತ ಹಾಕಿ ಬನ್ನಿ. ದೇವರು ನಿಮ್ಮನ್ನೂ ನಮ್ಮ ದೇಶವನ್ನೂ ಆಶೀರ್ವದಿಸಲಿ.