ಸಾರಿದರೆ ಸಾಕೆ?

'ಪ್ರೊಕ್ಲೇಮ್' ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಕನ್ನಡದಲ್ಲಿ 'ಸಾರು' ಎಂದರೆ ನಮ್ಮ ಶಾಲೆಯ ಮಕ್ಕಳು ಮುಸಿಮುಸಿ ನಗುತ್ತಾರೆ. ಅವರಿಗೆ ಗೊತ್ತಿರುವುದು ಬಸ್ಸಾರು, ಹುರುಳಿಕಾಳಿನ ಸಾರು. ಆದರೆ 'ಡಂಗುರ ಸಾರು' ಎಂದೊಡನೆ ಅರ್ಥ ಹೊಳೆಯುತ್ತದೆ.

'ಅನೌನ್ಸ್' ಎಂದರೆ ಸುದ್ದಿ ತಿಳಿಸುವುದು. ಗುಂಡ್ಲುಪೇಟೆಯ ಬಸ್ಸು ತಡವೆಂದು ಮೈಕಿನಲ್ಲಿ ಹೇಳಿದರೂ ಹೇಳದಿದ್ದರೂ ತಡವೇ. 'ಪ್ರೊಕ್ಲೇಮ್' ಅಷ್ಟು ಹಗುರವಲ್ಲ. ಮುಂದಕ್ಕೆ ಕೂಗು ಎಂಬುದು ಅದರ ಲ್ಯಾಟಿನ್ ಮೂಲ. ಅಧಿಕಾರವುಳ್ಳವರು ಎಲ್ಲರೆದುರು ಗಂಭೀರವಾಗಿ ಆಡುವ ಮಾತು ಅದು. ಎಷ್ಟೋ ಸಲ ಆಡಿದ ಮಾತೇ ಕಾರ್ಯವಾಗಿಬಿಡುತ್ತದೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಹುಟ್ಟಿದ್ದು ಹಾಗೆ. ಅರಿಕುಠಾರ ಚಾಮರಾಜನಗರವಾದದ್ದು, ಮೈಸೂರಿಗೆ ಸೇರಿದ್ದ ನಾವು 1997ರಲ್ಲಿ ಬೇರೆ ಜಿಲ್ಲೆಯವರಾದದ್ದು, ಎಲ್ಲವೂ ಸಾರಿದ್ದರಿಂದಲೇ.

ಹಾಗಾದರೆ ಸಾರಿದ್ದೆಲ್ಲ ನಿಜವಾಗುತ್ತದೆಯೆ?

ನಮ್ಮ ಸೀಮೆಯ ಹಳ್ಳಿಗಳಲ್ಲಿ ತಮಟೆ ಬಡಿದು ಸಾರುತ್ತಿದ್ದವನು ಸಾಮಾನ್ಯವಾಗಿ ದಲಿತರ ಕೇರಿಯವನು. ಹಬ್ಬ, ಕಂದಾಯ, ಪಂಚಾಯ್ತಿ, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಅವನೇ ಸಾರಿದ ಹಬ್ಬದ ದಿನ ಗುಡಿಯೊಳಗೆ ಅವನಿಗೆ ಜಾಗವಿಲ್ಲ. ದನಿ ಅವನದು, ಮಾತು ಇನ್ಯಾರದೋ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು 17ನೆಯ ವಿಧಿಯಲ್ಲಿ ಅಸ್ಪೃಶ್ಯತೆ ರದ್ದಾಗಿದೆಯೆಂದು ಸಾರಿತು. ಅದನ್ನು ಆಚರಿಸಿದವರನ್ನು ಶಿಕ್ಷಿಸುವ ಕಾಯಿದೆ ಬಂದದ್ದು 1955ರಲ್ಲಿ. ಆದರೂ ಕೆಲಸದವಳಿಗೆಂದು ಬೇರೆ ಲೋಟವನ್ನು ಹಿತ್ತಲ ಗೂಡಿನಲ್ಲಿ ಬೋರಲು ಹಾಕಿಡುವ ಮನೆಗಳನ್ನು ನಾನು ಬಲ್ಲೆ, ನೀವೂ ಬಲ್ಲಿರಿ.

ಅಷ್ಟರಿಂದ ಆ ಘೋಷಣೆ ಸುಳ್ಳೆನ್ನಲು ನನಗೆ ಮನಸ್ಸು ಬಾರದು. ಅದು ಇಲ್ಲದಿದ್ದರೆ ಆ ಲೋಟ ತಪ್ಪೆಂದು ಹೇಳಲು ಆ ಹೆಂಗಸಿಗೆ ಆಧಾರವೇ ಇರುತ್ತಿರಲಿಲ್ಲ. ಸಾರಿದ ಮಾತು ಕೇಳಿಸಿಕೊಂಡವರ ಮೇಲೆ ಒಂದು ಸಾಲ ಹೊರಿಸುತ್ತದೆ. ಜಿಲ್ಲೆಯೆಂದು ಸಾರಿದ ಮೇಲೆ ಕಚೇರಿ, ಆಸ್ಪತ್ರೆ ಕಟ್ಟಬೇಕಾದದ್ದು ಸರ್ಕಾರದ ಸಾಲ. ಸಮಾನರೆಂದು ಸಾರಿದ ಮೇಲೆ ತೀರಿಸಬೇಕಾದ ಸಾಲದಲ್ಲಿ ದೊಡ್ಡ ಪಾಲು ನಮ್ಮ ಅಡುಗೆಮನೆಗಳದು. ಅಲ್ಲಿಗೆ ಯಾವ ಅಮಲ್ದಾರನೂ ಬಂದು ನೋಡುವುದಿಲ್ಲ. ಯಾವ ಲೋಟದಲ್ಲಿ ಯಾರಿಗೆ ಕಾಫಿ ಎಂಬುದನ್ನು ತೀರ್ಮಾನಿಸುವವರು ನಾವೇ.