ಮನ್ನಣೆಯಿಲ್ಲದ ಆಟ

ಯಾವ ಕೆಲಸಕ್ಕೆ ಕೈಹಾಕುವಾಗಲೂ ಅದರಿಂದ ತನಗೇನು ದೊರೆಯುವುದೆಂದು ಎಣಿಸಿ ನೋಡುವುದು ಮನುಷ್ಯನ ಸ್ವಭಾವ. ದೊರೆಯತಕ್ಕದ್ದು ಎರಡು ಬಗೆಯದು: ಒಂದು ಫಲ, ಇನ್ನೊಂದು ಮನ್ನಣೆ. ರೈತನಿಗೆ ಬೆಳೆಯು ಫಲ. ಗಮಕಿಗೆ ಸಭೆಯು ತಲೆದೂಗುವುದು ಮನ್ನಣೆ. ಎರಡರಲ್ಲಿ ಒಂದಾದರೂ ಕೈಗೂಡಿದರೆ ಕೆಲಸವು ಸಾರ್ಥಕವಾಯಿತೆನ್ನುತ್ತೇವೆ. ಎರಡೂ ಇಲ್ಲದ ಕೆಲಸವನ್ನು ವರ್ಷಗಟ್ಟಲೆ ಬಿಡದೆ ಮಾಡುವ ಜನರಿದ್ದರೆ ಅವರನ್ನು ಏನೆನ್ನಬೇಕು? ಭ್ರಾಂತರೆನ್ನೋಣವೆ, ಧೀರರೆನ್ನೋಣವೆ? ಈ ಪ್ರಶ್ನೆಯನ್ನು ಕಾಲ್ಚೆಂಡಿನ ಒಂದು ತಂಡದ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ. ಆಟದ ಮಾತು ಇಂಥ ವಿಚಾರಕ್ಕೆ ಹಗುರವೆಂದು ವಾಚಕರು ಭಾವಿಸಬಾರದು. ಆ ತಂಡದ ಜನ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ನಮ್ಮ ನೆರೆಯವರಾಗಿದ್ದಾರೆ.

1959ರ ಮಾರ್ಚ್ ತಿಂಗಳಿನಲ್ಲಿ ದಲಾಯಿ ಲಾಮಾ ಅವರು ಲಾಸಾ ನಗರವನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನರು ಹಿಮವನ್ನು ದಾಟಿ ಬಂದರು. 1960ರಲ್ಲಿ ಅಂದಿನ ಮೈಸೂರು ಸರ್ಕಾರವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಇವರಿಗೆ ಒದಗಿಸಿತು. ಅದು ಆಗ ಕಾಡು. ಚಳಿಯ ನಾಡಿನವರು ನಮ್ಮ ಬಿಸಿಲಿನಲ್ಲಿ ಗುಡಾರಗಳಲ್ಲಿದ್ದುಕೊಂಡು, ಆನೆಗಳ ಹಾವಳಿಯನ್ನು ಸಹಿಸಿ, ಮರ ಕಡಿದು, ಮುಸುಕಿನ ಜೋಳವನ್ನು ಬಿತ್ತಿದರು. ನಮ್ಮ ಜನರು ಇಂದಿಗೂ ಆ ಊರುಗಳನ್ನು ‘ಕ್ಯಾಂಪು’ ಎಂದೇ ಕರೆಯುತ್ತಾರೆ. ಕ್ಯಾಂಪು ಎಂದರೆ ನಾಲ್ಕು ದಿನ ಇದ್ದು ಹೋಗುವ ಎಡೆ. ನಾಲ್ಕು ದಿನವು ಅರವತ್ತು ವರ್ಷಗಳಿಗೂ ಮೀರಿತು. ಹೆಸರು ಮಾತ್ರ ಬದಲಾಗಲಿಲ್ಲ.

ಕಾಲ್ಚೆಂಡು ಟಿಬೆಟ್ಟಿನವರಿಗೆ ಹಳೆಯ ಸಂಪ್ರದಾಯವೇನೂ ಅಲ್ಲ. 1936ರ ಸುಮಾರಿಗೆ ಲಾಸಾದಲ್ಲಿದ್ದ ಬ್ರಿಟಿಷ್ ನಿಯೋಗದವರು ಅಲ್ಲಿ ಈ ಆಟವನ್ನು ಆಡುತ್ತಿದ್ದರು. ಊರಿನವರೂ ತಂಡ ಕಟ್ಟಿಕೊಂಡು ಅವರೊಡನೆ ಆಡಿದರು. ಕೆಲವು ಕಾಲಾನಂತರ ಆಟ ನಡೆಯುತ್ತಿರುವಾಗಲೇ ಆಲಿಕಲ್ಲಿನ ಮಳೆ ಸುರಿದುದರಿಂದ, ಇದು ಅಶುಭವೆಂದು ಆಳುವವರು ಆಟವನ್ನೇ ನಿಷೇಧಿಸಿದರೆಂದು ಹೈನ್ರಿಕ್ ಹಾರರ್ ಎಂಬ ಪ್ರವಾಸಿ ಬರೆದಿದ್ದಾನೆ. ತಮ್ಮ ನಾಡಿನಲ್ಲಿ ಹೀಗೆ ಬಹಿಷ್ಕೃತವಾದ ಆಟವು ನಾಡನ್ನು ಬಿಟ್ಟು ಬಂದ ಮೇಲೆ ಅವರದಾಯಿತು. ದಲಾಯಿ ಲಾಮಾ ಅವರ ತಾಯಿಯ ಸ್ಮರಣೆಗಾಗಿ ‘ಗ್ಯಾಲ್ಯುಂ ಚೆನ್ಮೊ’ ಎಂಬ ಹೆಸರಿನ ಚಿನ್ನದ ಬಟ್ಟಲಿನ ಪಂದ್ಯಾವಳಿಯು 1981ರಲ್ಲಿ ಮೊದಲಾಯಿತು. ಭಾರತದಲ್ಲಿ ಚದರಿಹೋಗಿರುವ ವಸತಿಗಳ ತರುಣರು ಒಂದೆಡೆ ಕೂಡುವುದಕ್ಕೆ ಅದೊಂದು ನಿಮಿತ್ತ. ಅಂಥ ತರುಣರನ್ನು ಆರಿಸಿಯೇ ಮುಂದೆ ಟಿಬೆಟ್ ತಂಡವೆಂಬುದನ್ನು ಕಟ್ಟಿದರು.

ಈ ತಂಡದ ಮೊದಲ ಪರರಾಷ್ಟ್ರ ಪಂದ್ಯವು 2001ರ ಜೂನ್ 30ರಂದು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ನಡೆಯಿತು. ಅದಕ್ಕಾಗಿ ಶ್ರಮಿಸಿದವನು ಮೈಕೆಲ್ ನೈಬ್ರಾಂಟ್ ಎಂಬ ಡೇನಿಷ್ ತರುಣ. ಎದುರಾಳಿ ಗ್ರೀನ್‌ಲೆಂಡ್ ದ್ವೀಪದ ತಂಡ. ಗ್ರೀನ್‌ಲೆಂಡ್ ವಿಸ್ತೀರ್ಣದಲ್ಲಿ ಲೋಕದ ದೊಡ್ಡ ದ್ವೀಪವಾದರೂ ಜನಸಂಖ್ಯೆಯಲ್ಲಿ ಒಂದು ಸಣ್ಣ ಪಟ್ಟಣ. ಸುಮಾರು 56,000 ಜನ. ಹುಲ್ಲಿನ ಅಂಕಣವು ಅಲ್ಲಿ ಬೆಳೆಯದು. ಬೇಸಿಗೆಯ ಒಂದು ವಾರದೊಳಗೆ ಅವರ ವರ್ಷದ ಪಂದ್ಯಾವಳಿ ಮುಗಿಯಬೇಕು. ಹೀಗೆ ಒಂದು ಕಡೆ ನಾಡಿದ್ದೂ ಹುಲ್ಲಿಲ್ಲದವರು, ಇನ್ನೊಂದು ಕಡೆ ಹುಲ್ಲಿದ್ದೂ ನಾಡಿಲ್ಲದವರು. ಇಬ್ಬರಿಗೂ ಲೋಕದ ಕಾಲ್ಚೆಂಡಿನ ಒಕ್ಕೂಟವಾದ ಫಿಫಾದಲ್ಲಿ ಸ್ಥಾನವಿರಲಿಲ್ಲ. ಪಂದ್ಯವನ್ನು ತಡೆಯಬೇಕೆಂದು ಚೀನವು ಒತ್ತಾಯಪಡಿಸಿತು. ಗ್ರೀನ್‌ಲೆಂಡಿನ ಜೀವನಾಧಾರವಾದ ಸೀಗಡಿಯ ವ್ಯಾಪಾರಕ್ಕೆ ಧಕ್ಕೆ ಬಂದೀತೆಂಬ ಬೆದರಿಕೆಯೂ ಹುಟ್ಟಿತು. ಆದರೂ ದ್ವೀಪದವರು ಹಿಂಜರಿಯಲಿಲ್ಲ. ಪಂದ್ಯವು ನಡೆಯಿತು. ಟಿಬೆಟ್ಟಿನವರು ಒಂದು ಗೋಲು ಹೊಡೆದು, ನಾಲ್ಕು ಗೋಲುಗಳನ್ನು ಬಿಟ್ಟುಕೊಟ್ಟು ಸೋತರು.

ಮುಂದಿನ ಚರಿತ್ರೆಯೂ ಗೆಲುವಿನ ಚರಿತ್ರೆಯಲ್ಲ. 2006ರಲ್ಲಿ ಜರ್ಮನಿಯ ಹಾಂಬುರ್ಗ್ ನಗರದಲ್ಲಿ ಫಿಫಾದ ಹೊರಗಿನ ತಂಡಗಳೇ ಸೇರಿ ಆಡಿದಾಗ ಇವರೂ ಹೋಗಿ ಸೋತು ಬಂದರು. 2018ರಲ್ಲಿ ಲಂಡನ್ನಿನಲ್ಲಿ ಅಂಥದೇ ಇನ್ನೊಂದು ಪಂದ್ಯಾವಳಿಯಲ್ಲಿ ಆಡಿದರು. ಬಟ್ಟಲು ಬೇರೆಯವರ ಪಾಲಾಯಿತು. 2017ರಲ್ಲಿ ಅಮೆರಿಕದ ಡಲ್ಲಾಸ್ ನಗರಕ್ಕೆ ಹೊರಡಬೇಕೆಂದಿದ್ದ ಟಿಬೆಟ್ಟಿನ ಹೆಣ್ಣುಮಕ್ಕಳ ತಂಡಕ್ಕೆ ವೀಸಾ ದೊರೆಯದೆ, ಅವರಿಗೆ ಸೋಲುವ ಅವಕಾಶವೂ ತಪ್ಪಿತು. ಇತ್ತ ಗ್ರೀನ್‌ಲೆಂಡಿನವರು ಉತ್ತರ ಅಮೆರಿಕ ಖಂಡದ ಒಕ್ಕೂಟಕ್ಕೆ ಸೇರಿಸಿಕೊಳ್ಳಿರೆಂದು 2024ರಲ್ಲಿ ಅರ್ಜಿ ಸಲ್ಲಿಸಿದರು. 2025ರ ಜೂನ್ ತಿಂಗಳಿನಲ್ಲಿ ಅದು ತಿರಸ್ಕೃತವಾಯಿತು. ಅದೇ ಡೆನ್ಮಾರ್ಕಿನ ಅರಸೊತ್ತಿಗೆಗೆ ಸೇರಿದ ಫೇರೋ ದ್ವೀಪಗಳಿಗೆ 1988ರಲ್ಲಿಯೇ ಫಿಫಾದ ಬಾಗಿಲು ತೆರೆದಿತ್ತು. ಮನ್ನಣೆಯೆಂಬುದು ಯೋಗ್ಯತೆಯೊಂದನ್ನೇ ನೋಡಿ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಹಾಗಾದರೆ ಈ ಆಟದಿಂದ ಬಂದ ಪ್ರಯೋಜನವೇನು? ಇಲ್ಲಿ ನಮ್ಮ ಮೀಮಾಂಸಕರು ಮಾಡಿರುವ ಒಂದು ವಿಭಾಗವು ನೆರವಿಗೆ ಬರುತ್ತದೆ. ಕರ್ಮಗಳಲ್ಲಿ ಕಾಮ್ಯವೆಂದೂ ನಿತ್ಯವೆಂದೂ ಎರಡು ವಿಧ. ಮಳೆ ಬೇಕು, ಮಗ ಬೇಕು, ಸ್ವರ್ಗ ಬೇಕು ಎಂದು ಮಾಡತಕ್ಕದ್ದು ಕಾಮ್ಯ. ಅಗ್ನಿಹೋತ್ರದಂತೆ, ತಾನು ಇಂಥವನಾಗಿರುವುದರಿಂದಲೇ ದಿನದಿನವೂ ಮಾಡತಕ್ಕದ್ದು ನಿತ್ಯ. ಕಾಮ್ಯದಲ್ಲಿ ಒಂದು ಅಂಗವು ಲೋಪವಾದರೂ ಫಲವಿಲ್ಲ. ಎಲ್ಲವನ್ನೂ ಪೂರ್ಣವಾಗಿ ನಡೆಸಬಲ್ಲವನಿಗೇ ಅದರಲ್ಲಿ ಅಧಿಕಾರ. ನಿತ್ಯದಲ್ಲಾದರೋ ಶಕ್ತಿಯಿದ್ದಷ್ಟು ಮಾಡಿದರೂ ಕರ್ಮವು ನಡೆದಂತೆಯೇ. ಮಾಡದೆ ಬಿಟ್ಟರೆ ಮಾತ್ರ ದೋಷ. ಶತಪಥ ಬ್ರಾಹ್ಮಣದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಸಂವಾದವಿದೆ. ಜನಕರಾಜನು ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಅಗ್ನಿಹೋತ್ರಕ್ಕೆ ಹಾಲಿಲ್ಲದಿದ್ದರೆ ಏನು ಮಾಡುವೆ? ಅಕ್ಕಿ, ಜವೆಗೋದಿ. ಅವೂ ಇಲ್ಲದಿದ್ದರೆ? ಬೇರೆ ಧಾನ್ಯ. ಅದೂ ಇಲ್ಲದಿದ್ದರೆ ಕಾಡಿನ ಗಿಡಮೂಲಿಕೆ, ಅದಿಲ್ಲದಿದ್ದರೆ ಮರದಲ್ಲಿ ಹುಟ್ಟಿದ್ದು, ಅದೂ ಇಲ್ಲದಿದ್ದರೆ ನೀರು. ನೀರೂ ಇಲ್ಲದಿದ್ದರೆ? ಆಗ ಶ್ರದ್ಧೆಯೆಂಬ ಬೆಂಕಿಯಲ್ಲಿ ಸತ್ಯವನ್ನೇ ಹೋಮಮಾಡುವೆನೆಂದು ಋಷಿಯು ಉತ್ತರಕೊಡುತ್ತಾನೆ. ಜನಕನು ಮೆಚ್ಚಿ ನೂರು ಗೋವುಗಳನ್ನು ಕೊಟ್ಟನಂತೆ.

ಬಟ್ಟಲಿಗಾಗಿ ಆಡುವ ಆಟವು ಕಾಮ್ಯ. ಆ ದೃಷ್ಟಿಯಿಂದ ನೋಡಿದರೆ ಕೋಪನ್‌ಹೇಗನ್ನಿನ ಪಂದ್ಯವು ಅಂಗಹೀನವೇ ಸರಿ: ಸ್ವಂತ ಅಂಕಣವಿಲ್ಲ, ಒಕ್ಕೂಟದ ಮುದ್ರೆಯಿಲ್ಲ, ಪಾಸ್‌ಪೋರ್ಟಿನ ಬದಲು ಭಾರತ ಸರ್ಕಾರವು ಕೊಟ್ಟ ಗುರುತಿನ ಪುಸ್ತಕ, ಕೊನೆಗೆ ಗೆಲುವೂ ಇಲ್ಲ. ಆದರೆ ‘ನಾವು ಒಂದು ಜನ, ನಮಗೊಂದು ಹೆಸರಿದೆ’ ಎಂಬುದನ್ನು ಮರೆಯದೆ ನಡೆಸಿಕೊಂಡು ಬರುವುದಕ್ಕಾಗಿ ಆಡಿದ ಆಟವು ನಿತ್ಯಕರ್ಮವನ್ನು ಹೋಲುತ್ತದೆ. ಅದಕ್ಕೆ ಒಂದಕ್ಕೆ ನಾಲ್ಕರ ಸೋಲು ಲೋಪವಲ್ಲ. ಆಡದೆ ಮನೆಯಲ್ಲಿ ಕುಳಿತಿದ್ದರೆ ಅದು ಲೋಪ. ಇಂಥ ಆಟವನ್ನು ವಿಧಿಸಿದ ಶಾಸ್ತ್ರವೆಲ್ಲಿದೆಯೆಂದು ಯಾರಾದರೂ ಕೇಳಿಯಾರು. ದೃಷ್ಟಾಂತವು ಎಲ್ಲ ಅಂಶಗಳಲ್ಲಿಯೂ ಹೊಂದಬೇಕೆಂಬ ನಿಯಮವಿಲ್ಲ. ಆದರೂ ಹಿರಿಯರ ಋಣವೆಂಬುದು ಗೆದ್ದು ತೀರಿಸತಕ್ಕದ್ದಲ್ಲ, ಅವರ ಹೆಸರನ್ನು ಮುಂದುವರಿಸಿ ತೀರಿಸತಕ್ಕದ್ದೆಂಬುದನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯಲಾರರು.

ಇದೇ ಮಾತನ್ನು ಇನ್ನೊಂದು ದ್ವೀಪದ ಕಥೆಯಿಂದ ಪರೀಕ್ಷಿಸಬಹುದು. ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ಎಂಬ ಪುಟ್ಟ ದ್ವೀಪದಲ್ಲಿ 1995ರಲ್ಲಿ ಜ್ವಾಲಾಮುಖಿಯು ಎಚ್ಚೆತ್ತು, 1997ರ ಹೊತ್ತಿಗೆ ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಯಿತು. ಜನರಲ್ಲಿ ಬಹುಪಾಲು ಊರುಬಿಟ್ಟರು. ಈ ದ್ವೀಪಕ್ಕೆ ಫಿಫಾದಲ್ಲಿ ಸ್ಥಾನವೇನೋ ಇತ್ತು, ಆದರೆ ಕಟ್ಟಕಡೆಯ ಸ್ಥಾನ: 203. ಅದಕ್ಕೆ ಹಿಂದಿನದು 202, ಭೂತಾನ್. 2002ರ ಜೂನ್ 30ರಂದು, ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆದ ದಿನವೇ, ಇವೆರಡೂ ಥಿಂಪು ನಗರದಲ್ಲಿ ಆಡಿದವು. ಭೂತಾನವು ನಾಲ್ಕು ಗೋಲುಗಳಿಂದ ಗೆದ್ದಿತು. ಮನ್ನಣೆಯಿದ್ದವರೂ ಸೋತರು, ಇಲ್ಲದವರೂ ಸೋತರು. ರಾಜಧಾನಿ ಬೂದಿಯಾದ ಮೇಲೂ ಮಾಂಟ್ಸೆರಾಟಿನವರು ಆ ಹೆಸರಿನ ಅಂಗಿ ತೊಟ್ಟು ಅಷ್ಟು ದೂರ ಬಂದು ಆಡಿದುದು, ಮತ್ತು ಟಿಬೆಟ್ಟಿನವರು ಕೋಪನ್‌ಹೇಗನ್ನಿಗೆ ಹೋದುದು, ಒಂದೇ ಜಾತಿಯ ಕೆಲಸ. ಮನ್ನಣೆಯು ಇವುಗಳಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರುವುದರಿಂದ ಕೆಲಸದ ಬೆಲೆ ಬದಲಾಗುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ನಮ್ಮ ಜನ, ನಮ್ಮ ಹೆಸರು ಎಂಬ ಅಭಿಮಾನವೇ ಲೋಕದ ಕಲಹಗಳಿಗೆ ಬೀಜವಲ್ಲವೆ? ಈ ಭಯವು ಆಧಾರವಿಲ್ಲದ್ದಲ್ಲ. ಆದರೆ ಆಟದ ಅಭಿಮಾನಕ್ಕೂ ಕಾಳಗದ ಅಭಿಮಾನಕ್ಕೂ ಒಂದು ಅಂತರವುಂಟು. ಕಾಳಗದಲ್ಲಿ ಎದುರಾಳಿಯು ಇಲ್ಲವಾಗಬೇಕು. ಆಟದಲ್ಲಿ ಎದುರಾಳಿಯು ಇರಲೇಬೇಕು. ಗ್ರೀನ್‌ಲೆಂಡಿನವರು ಬರದಿದ್ದರೆ ಅಂದು ಟಿಬೆಟ್ ತಂಡವೆಂಬುದೇ ಇರುತ್ತಿರಲಿಲ್ಲ. ತಮ್ಮ ಇರವಿಗೆ ಇನ್ನೊಬ್ಬರ ಇರವು ಬೇಕೆಂದು ಒಪ್ಪಿಕೊಂಡ ಅಭಿಮಾನದಲ್ಲಿ ವಿಷವು ಕಡಮೆ.

ಎರಡನೆಯ ಆಕ್ಷೇಪವನ್ನು ನಮ್ಮ ಊರಿನ ಹೊರಜಗುಲಿಗಳ ಮೇಲೆಯೇ ಕೇಳಬಹುದು. ಈ ನೆಲದ ನೀರು ಕುಡಿದು, ಈ ನೆಲದ ಜೋಳ ತಿಂದು, ಮೂರು ತಲೆಮಾರು ಇಲ್ಲಿಯೇ ಬಾಳಿದವರು ಬೇರೆ ಧ್ವಜ ಹಿಡಿದು ಆಡುವುದು ಕೃತಘ್ನತೆಯಲ್ಲವೆ? ಎಂಬುದು ಪ್ರಶ್ನೆ. ರಾಜ್ಯಗಳ ಗಡಿಯ ವಿವಾದವನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಇಲ್ಲಿ ಕೇಳಬೇಕಾದುದು ಕೃತಜ್ಞತೆ ಎಂದರೇನು ಎಂಬಷ್ಟೇ. ಮದುವೆಯಾಗಿ ಬಂದ ಸೊಸೆಯು ತವರನ್ನು ನೆನೆದು ಹಾಡಿದರೆ ಅತ್ತೆಯ ಮನೆಗೆ ದ್ರೋಹವಾಯಿತೆಂದು ನಮ್ಮ ಹೆಂಗಸರು ಎಂದೂ ತಿಳಿದಿಲ್ಲ; ಬೀಸುವ ಕಲ್ಲಿನ ಮುಂದೆ ಕುಳಿತು ತಲೆಮಾರುಗಳಿಂದ ಅವರು ತವರಿನ ಹಾಡನ್ನೇ ಹಾಡಿದ್ದಾರೆ. ತವರನ್ನು ಮರೆತವಳು ಈ ಮನೆಯನ್ನು ಮಾತ್ರ ನೆನೆದಾಳೆಂಬ ನಂಬಿಕೆಯೇನು? ನೆನಪು ಒಂದೇ ಗುಣ; ಅದು ಒಂದು ಕಡೆ ಸತ್ತು ಇನ್ನೊಂದು ಕಡೆ ಬದುಕಲಾರದು. ಉಪಕಾರಮಾಡಿದವನು ‘ನಿನ್ನ ಹಿಂದಿನದೆಲ್ಲವನ್ನೂ ಮರೆ’ ಎಂದು ಕೇಳಿದರೆ ಅದು ಉಪಕಾರವಾಗಿರದೆ ಕ್ರಯವಾಗುತ್ತದೆ. ಮುಂಬಯಿಯಲ್ಲಿ, ಸಮುದ್ರದಾಚೆಯ ದೇಶಗಳಲ್ಲಿ ಕನ್ನಡ ಸಂಘಗಳನ್ನು ಕಟ್ಟಿ ರಾಜ್ಯೋತ್ಸವ ಮಾಡುವ ನಮ್ಮವರನ್ನು ಮೆಚ್ಚುವ ನಾವು, ಬೈಲಕುಪ್ಪೆಯವರಿಗೆ ಬೇರೆ ಅಳತೆಯನ್ನು ಹಿಡಿಯುವುದು ನ್ಯಾಯವಲ್ಲ.

ಈಗ ಉಳಿದಿರುವುದು ಹೆಚ್ಚು ಕಠಿನವಾದ ಪ್ರಶ್ನೆ. ನಿತ್ಯಕರ್ಮಕ್ಕೆ ಹಾಲಿಲ್ಲದಿದ್ದರೆ ನೀರಾದೀತು, ನೀರಿಲ್ಲದಿದ್ದರೆ ಶ್ರದ್ಧೆಯಾದೀತು; ಕರ್ತೃವೇ ಇಲ್ಲದಿದ್ದರೆ ಏನು ಮಾಡುವುದು? ಈಚಿನ ವರ್ಷಗಳಲ್ಲಿ ವಸತಿಗಳ ತರುಣರು ಅನೇಕರು ಯೂರೋಪು, ಅಮೆರಿಕ, ಕೆನಡಗಳಿಗೆ ಹೊರಟುಹೋಗುತ್ತಿದ್ದಾರೆ. ಅವರನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ನಮ್ಮ ಹೊಗೆಸೊಪ್ಪಿನ ಹೊಲಗಳನ್ನು ಬಿಟ್ಟು ಬೆಂಗಳೂರಿಗೆ ಹೋದ ನಮ್ಮ ಮಕ್ಕಳನ್ನು ನಾವೇನು ತಡೆದೆವೆ? ಅಲ್ಲಿಯೂ ಸಂಜೆಯ ಹೊತ್ತು ಹನ್ನೊಂದು ಜನ ಕೂಡಿ ಆ ಹೆಸರಿನಲ್ಲಿ ಚೆಂಡನ್ನು ಒದೆಯುವರೋ ಇಲ್ಲವೋ, ಅದು ಅವರ ಶ್ರದ್ಧೆಗೆ ಬಿಟ್ಟದ್ದು. ನಮ್ಮ ಶ್ರದ್ಧೆಗೆ ಬಿಟ್ಟದ್ದು ಅಲ್ಪವಾದರೂ ಒಂದುಂಟು. ಗ್ರೀನ್‌ಲೆಂಡಿನವರು ಸೀಗಡಿಯ ವ್ಯಾಪಾರ ಹೋದರೂ ಹೋಗಲಿ ಎಂದು ಎದುರು ನಿಂತು ಆಡಿದರು. ಮನ್ನಣೆಯಿಲ್ಲದವರಿಗೆ ಮನ್ನಣೆಯಿಲ್ಲದವರು ಕೊಡಬಹುದಾದ ಮನ್ನಣೆ ಅದು. ಪಿರಿಯಾಪಟ್ಟಣದ ಹುಡುಗರು ಬೈಲಕುಪ್ಪೆಯ ಹುಡುಗರೊಡನೆ ಒಂದು ಸಂಜೆ ಆಡುವುದಕ್ಕೆ ಅಷ್ಟು ಖರ್ಚೂ ಇಲ್ಲ, ಅಪಾಯವೂ ಇಲ್ಲ. ನಡುವೆ ಇರುವುದು ಕೆಲವು ಮೈಲಿಗಳ ರಸ್ತೆ ಮಾತ್ರ.